ಅಜ್ಜಿಯ ಮದುವೆ ಸೀರೆ, ಮೊಮ್ಮಗಳ ಪಾಲು

ಮದುವೆಯ ಮಾತು ಬಂದಲ್ಲೆಲ್ಲ ಈಚೆಗೆ ಒಂದು ನಂಬಿಕೆ ಕಿವಿಗೆ ಬೀಳುತ್ತದೆ. ಅಜ್ಜಿ ಉಟ್ಟು ಹಸೆಮಣೆ ಏರಿದ ಸೀರೆಯನ್ನು ತಾಯಿಯೂ ಉಟ್ಟು, ತಾಯಿ ಉಟ್ಟದ್ದನ್ನು ಮಗಳೂ ಉಟ್ಟರೆ ಆ ಮನೆತನದ ಹೆಣ್ಣುಮಕ್ಕಳ ನಡುವೆ ಕಡಿಯದ ನಂಟೊಂದು ಉಳಿಯುತ್ತದೆ. ನಮ್ಮ ಹಿರಿಯರು ಮಾಡುತ್ತಿದ್ದದ್ದೇ ಹಾಗೆ. ಅಂಗಡಿಯ ಹೊಸ ಸೀರೆಯ ಹಂಬಲಕ್ಕೆ ಬಿದ್ದು ನಾವು ಅದನ್ನು ಕಳೆದುಕೊಂಡೆವು ಎಂಬುದು ಅದರ ಸಾರ. ಹುಬ್ಬಳ್ಳಿಯ ಕಲ್ಯಾಣ ಮಂಟಪಗಳಲ್ಲೂ, ಅದೇ ತಾಲ್ಲೂಕಿನ ಶಿರಗುಪ್ಪಿಯಂಥ ಹೋಬಳಿ ಊರಿನ ಹಂದರದಲ್ಲೂ ಈ ಮಾತಿಗೆ ತಲೆದೂಗುವವರು ಬಹಳ. ಅದರಲ್ಲಿ ಪ್ರೀತಿ ಇದೆ, ಹಿರಿಯರ ಬಗ್ಗೆ ಗೌರವ ಇದೆ. ಹೀಗಾಗಿಯೇ ಅದನ್ನು ಯಾರೂ ಬಿಡಿಸಿ ನೋಡುವ ಗೋಜಿಗೆ ಹೋಗುವುದಿಲ್ಲ. ಆ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಸೀರೆಯ ಹೊಗಳಿಕೆಯ ಮರೆಯಲ್ಲಿ ಇನ್ನೊಂದು ಲೆಕ್ಕ ಮುಚ್ಚಿಹೋಗುತ್ತಿದೆ. ಅದಕ್ಕಾಗಿ ಈ ನಂಬಿಕೆಯನ್ನು ಎಳೆ ಎಳೆಯಾಗಿ ನೋಡಬೇಕಾಗಿದೆ.

ಮೊದಲು ಆ ಪಕ್ಷದ ಬಲವನ್ನು ಪೂರ್ತಿಯಾಗಿ ಒಪ್ಪಿಕೊಳ್ಳೋಣ. ಹೊಲಿದ ಉಡುಪು ಒಂದೇ ಮೈಗೆ ಅಂಟಿಕೊಂಡದ್ದು. ಸೀರೆಗೆ ಆ ಕಟ್ಟಿಲ್ಲ. ಅಜ್ಜಿ ಗಿಡ್ಡ, ಮೊಮ್ಮಗಳು ಎತ್ತರ ಎಂದರೂ ನಿರಿಗೆಯಲ್ಲಿ ಸರಿಹೋಗುತ್ತದೆ. ಆದ್ದರಿಂದ ತಲೆಮಾರು ದಾಟಲು ಸೀರೆಯಷ್ಟು ತಕ್ಕ ಉಡುಪು ಇನ್ನೊಂದಿಲ್ಲ ಎಂಬ ವಾದ ಗಟ್ಟಿಯಾದದ್ದೇ. ಧಾರವಾಡ ಸೀಮೆಯಲ್ಲಿ ಮದುವೆಯಾಗುವ ಹುಡುಗಿಯ ಗಂಟಿನಲ್ಲಿ ಕಸೂತಿ ಹಾಕಿದ ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆ ಇರಲೇಬೇಕು ಎಂಬ ರೂಢಿ ಇತ್ತು; ಅಂಥ ಸೀರೆಯ ಮೇಲಿನ ಗೋಪುರ, ತೇರು, ತುಳಸಿಕಟ್ಟೆ, ತೊಟ್ಟಿಲುಗಳನ್ನು ಮನೆಯ ಹೆಂಗಸರೇ ಹಾಕುತ್ತಿದ್ದರು. ನಾಡಿಗೆಲ್ಲ ಗೊತ್ತಿರುವ ಉದಾಹರಣೆಯೂ ಒಂದಿದೆ. 1942ರಲ್ಲಿ ಇಂದಿರಾ ಅವರು ಉಟ್ಟ ತಿಳಿಗುಲಾಬಿ ಖಾದಿ ಸೀರೆ, ಅವರ ತಂದೆ ಜವಾಹರಲಾಲ್ ನೆಹರೂ ಜೈಲಿನಲ್ಲಿ ತೆಗೆದ ನೂಲಿನದು. ಅದನ್ನೇ 1968ರಲ್ಲಿ ಸೊಸೆ ಸೋನಿಯಾ, 1997ರಲ್ಲಿ ಮೊಮ್ಮಗಳು ಪ್ರಿಯಾಂಕಾ ತಮ್ಮ ತಮ್ಮ ಮದುವೆಯಲ್ಲಿ ಉಟ್ಟರು. ಇನ್ನು ಶಾಸ್ತ್ರದ ಬೆಂಬಲವೂ ಇದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈ ಕನ್ನಡ ನೆಲದಲ್ಲೇ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಹೆಣ್ಣಿನ ಸ್ತ್ರೀಧನ ಮೊದಲು ಹೋಗಬೇಕಾದದ್ದು ಅವಳ ಹೆಣ್ಣುಮಕ್ಕಳಿಗೆ, ಅವರಲ್ಲೂ ಮದುವೆಯಾಗದವರಿಗೆ ಮೊದಲು ಎನ್ನುತ್ತದೆ. ತಾಯಿಯಿಂದ ಮಗಳಿಗೆ ಇಳಿಯುವ ಆಸ್ತಿಯ ಕಲ್ಪನೆ ನಮಗೆ ಹೊರಗಿನಿಂದ ಬಂದದ್ದಲ್ಲ.

ಇಷ್ಟು ಬಲವಿರುವ ನಂಬಿಕೆಯನ್ನು ಇಡಿಯಾಗಿ ಸರಿ ಅಥವಾ ತಪ್ಪು ಎನ್ನಲಾಗದು, ಏಕೆಂದರೆ ಅದರೊಳಗೆ ಸೇರಿಕೊಂಡಿರುವ ಮಾತುಗಳು ಮೂರು, ಮೂರೂ ಬೇರೆ ಬೇರೆ.

1. ಮದುವೆ ಸೀರೆಯನ್ನು ಜೋಪಾನವಾಗಿಟ್ಟು ಮುಂದಿನ ಮದುವೆಗೆ ಉಡಿಸುವುದು ನಮ್ಮ ಹಳೆಯ ಪದ್ಧತಿ.

2. ಹಾಗೆ ದಾಟುವ ಸೀರೆ ಒಂದು ಮನೆತನದ ಹೆಂಗಸರನ್ನು ಒಬ್ಬರಿಗೊಬ್ಬರು ಬೆಸೆಯುತ್ತದೆ.

3. ಆ ಬೆಸುಗೆ ಇರುವುದು ಬಟ್ಟೆಯಲ್ಲೇ; ಬಟ್ಟೆ ಉಳಿದರೆ ನಂಟು ಉಳಿಯಿತು, ಹರಿದರೆ ಹರಿಯಿತು.

ಮೊದಲನೆಯದು ಇತಿಹಾಸದ ಮಾತು, ಆದ್ದರಿಂದ ಅದಕ್ಕೆ ಸಾಕ್ಷಿ ಕೇಳಬಹುದು. ಶಾಸ್ತ್ರವನ್ನೇ ಕೇಳಿದರೆ ಉತ್ತರ ತಿರುಗಾಮುರುಗಾ ಇದೆ. ಋಗ್ವೇದದ ಹತ್ತನೆಯ ಮಂಡಲದ 85ನೆಯ ಸೂಕ್ತ ಸೂರ್ಯೆಯ ಮದುವೆಯನ್ನು ಕುರಿತದ್ದು; ವಧು ಉಟ್ಟ ಬಟ್ಟೆಯನ್ನು ಅದು ಅಪಾಯದ ವಸ್ತುವೆಂದೇ ಕಾಣುತ್ತದೆ, ಆ ಸೂಕ್ತವನ್ನು ಬಲ್ಲ ಬ್ರಾಹ್ಮಣನಿಗೆ ಅದು ಸಲ್ಲಬೇಕು ಎನ್ನುತ್ತದೆ. ಮಗಳಿಗೆಂದು ಎತ್ತಿಡುವ ಮಾತು ಅಲ್ಲಿಲ್ಲ. ಗೃಹ್ಯಸೂತ್ರಗಳು ವಧುವಿಗೆ ಹೇಳುವುದು ಅಹತ ವಸ್ತ್ರವನ್ನು, ಅಂದರೆ ಯಾರೂ ಉಡದ, ಮಗ್ಗದಿಂದ ಇಳಿದ ಹೊಸ ಬಟ್ಟೆಯನ್ನು. ಶಾಸ್ತ್ರ ಎಲ್ಲರದ್ದಲ್ಲ, ಶಿರಗುಪ್ಪಿಯ ಒಕ್ಕಲು ಮನೆಗಳು ಗೃಹ್ಯಸೂತ್ರ ಓದಿ ಮದುವೆ ಮಾಡಿದವಲ್ಲ ಎಂದರೆ ಅದೂ ನಿಜ. ಹಾಗಾದರೆ ರೂಢಿಯನ್ನೇ ನೋಡೋಣ. ಈ ಭಾಗದಲ್ಲಿ ಮದುವೆ ಗೊತ್ತಾದ ಮೇಲೆ ಎರಡೂ ಕಡೆಯವರು ಕೂಡಿ ಬಸ್ತಾ ತರಲು ಪೇಟೆಗೆ ಹೋಗುತ್ತಾರೆ. ಹೆಣ್ಣಿಗೆ ಇಷ್ಟು ಸೀರೆ, ಬೀಗರಿಗೆ ಇಷ್ಟು, ಮುಯ್ಯಿಗೆ ಇಷ್ಟು ಎಂದು ಕಟ್ಟು ಕಟ್ಟಿಸುತ್ತಾರೆ. ಆ ಬಸ್ತಾದಲ್ಲಿ ಹಳೆಯ ಸೀರೆಗೆ ಜಾಗವೇ ಇಲ್ಲ. ಉಟ್ಟು ಬಿಟ್ಟದ್ದನ್ನು ಹಸೆಯ ಮೇಲಿನ ಹುಡುಗಿಗೆ ಉಡಿಸಿದರೆ ಹಿಂದಿನ ಕಾಲದ ಹಿರಿಯಳಿಗೆ ಅದು ಬಡತನದ ಗುರುತಾಗಿ ಕಾಣುತ್ತಿತ್ತೇ ಹೊರತು ಪರಂಪರೆಯಾಗಿ ಅಲ್ಲ. ಕೇರಿಯಲ್ಲಿ ಒಬ್ಬರ ಮನೆಯ ಒಳ್ಳೆಯ ಪತ್ತಲವನ್ನು ಎರವಲು ತಂದು ಉಡಿಸಿ ಮರಳಿಸಿದ ಮನೆಗಳೂ ಇದ್ದವು. ಅದನ್ನು ಅವರು ಹೇಳಿಕೊಳ್ಳುತ್ತಿರಲಿಲ್ಲ.

ಹಾಗಿದ್ದರೆ ಟ್ರಂಕಿನಲ್ಲಿ ನಮ್ಮ ಕಣ್ಣಿಗೆ ಬೀಳುವ ಆ ಹಳೆಯ ಸೀರೆಗಳು? ಅವು ಇವೆ. ಆದರೆ ಉಳಿದದ್ದನ್ನಷ್ಟೇ ನೋಡಿ ಹಿಂದೆ ಎಲ್ಲರೂ ಉಳಿಸುತ್ತಿದ್ದರು ಎಂದು ತೀರ್ಮಾನಿಸುವುದು ತರ್ಕದ ತಪ್ಪು. ಸೀರೆಯೊಂದನ್ನು ಉಡದೆ ಐವತ್ತು ವರ್ಷ ಇಡಬೇಕಾದರೆ ಮೊದಲು ಉಡಲು ಬೇರೆ ಸೀರೆಗಳಿರಬೇಕು. ಸೋರದ ಮಾಳಿಗೆ, ನುಸಿ ಇಲಿ ಸೇರದ ಪೆಟ್ಟಿಗೆ, ವರ್ಷಕ್ಕೊಮ್ಮೆ ತೆಗೆದು ಮಡಿಕೆ ಬದಲಿಸುವಷ್ಟು ಬಿಡುವು ಬೇಕು. ಒಂದೇ ಮಡಿಕೆಯಲ್ಲಿ ಬಿಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ, ಬೆಳ್ಳಿ ಎಳೆಯ ಜರಿ ಗಾಳಿಗೆ ಕಪ್ಪಾಗುತ್ತದೆ. ಮಳೆಯನ್ನೇ ನೆಚ್ಚಿದ ಎರೆ ಹೊಲದಲ್ಲಿ ಹತ್ತಿ, ಶೇಂಗಾ, ಜೋಳ ಬೆಳೆದು ಬದುಕಿದ ಮನೆಗಳಲ್ಲಿ ಇಷ್ಟು ಅನುಕೂಲ ಎಷ್ಟು ಜನರಿಗಿತ್ತು? ಉಳಿದವರ ಮದುವೆ ಸೀರೆ ಮೊದಲು ಹಬ್ಬ ಜಾತ್ರೆಯ ಸೀರೆಯಾಯಿತು, ಆಮೇಲೆ ದಿನಬಳಕೆಗೆ ಬಂತು, ಜೀರ್ಣವಾದ ಮೇಲೆ ತೊಟ್ಟಿಲ ಜೋಳಿಗೆಯಾಗಿ, ಕೂಸಿನ ಹಾಸಿಗೆಯಾಗಿ, ಕೌದಿಯ ಪದರವಾಗಿ ಮುಗಿಯಿತು. ಜರಿ ಇದ್ದದ್ದು ಬರದ ವರ್ಷದಲ್ಲಿ ಬೆಳ್ಳಿಯ ಬೆಲೆಗೆ ಹೋದದ್ದೂ ಉಂಟು. ಇದು ಅಸಡ್ಡೆಯಲ್ಲ, ಬಟ್ಟೆಯನ್ನು ಕೊನೆಯ ನೂಲಿನವರೆಗೆ ಬಳಸುವ ಬಾಳುವೆ.

ಮದುವೆಯ ಉಡುಪನ್ನು ಪವಿತ್ರ ವಸ್ತುವಾಗಿ ಎತ್ತಿಡುವ ಕಲ್ಪನೆ ಬೆಳೆದ ಯುರೋಪಿನಲ್ಲೂ ಅದು ಬಹಳ ಹಳೆಯದಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿಯುಡುಪಿನಲ್ಲಿ ಮದುವೆಯಾಗುವ ತನಕ ಅಲ್ಲಿನ ಸಾಮಾನ್ಯ ಹುಡುಗಿಯರು ತಮ್ಮ ಬಳಿ ಇದ್ದ ಒಳ್ಳೆಯ ಬಣ್ಣದ ಉಡುಪಿನಲ್ಲೇ ಮದುವೆಯಾಗಿ, ಮರುದಿನದಿಂದ ಅದನ್ನೇ ಉಡುತ್ತಿದ್ದರು. ಆ ರಾಣಿಯೂ ತನ್ನ ಮದುವೆಯ ಕಸೂತಿ ಜಾಲರಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ, ಮತ್ತೆ ಮತ್ತೆ ತೊಟ್ಟಳು. ಅವಳ ಮದುವೆಯ ಮುಸುಕನ್ನು ಕಿರಿಯ ಮಗಳು ಬಿಯಾಟ್ರಿಸ್ 1885ರಲ್ಲಿ ಧರಿಸಿದಳು. ಇಂದಿರಾ ಅವರ ಖಾದಿಯ ವಿಷಯಕ್ಕೂ ಇಲ್ಲೇ ಬರಬೇಕು. ಆ ಸೀರೆಯ ತೂಕ ಇರುವುದು ಮೂವರು ಉಟ್ಟದ್ದರಲ್ಲಿ ಎಂಬುದಕ್ಕಿಂತ, ಸೆರೆಯಲ್ಲಿ ಕೂತ ತಂದೆ ಮಗಳಿಗಾಗಿ ನೂಲು ತೆಗೆದ ಎಂಬುದರಲ್ಲಿ. ಅದೂ ಅಲ್ಲದೆ ಅದು 1942ರಲ್ಲಿ ಹೊಸ ಸೀರೆ. ಮೊದಲ ಹುಡುಗಿ ಹೊಸದನ್ನೇ ಉಟ್ಟಳು. ಹಳೆಯದನ್ನು ಉಡುವುದು ಎರಡನೆಯವಳಿಂದ ಶುರುವಾದ ಹೊಸ ರೂಢಿ. ಯಾವ ಮನೆಯಲ್ಲೇ ಆಗಲಿ, ಹಾಗೆ ಶುರು ಮಾಡಿದರೆ ತಪ್ಪೇನಿಲ್ಲ. ಅದನ್ನು ಹೊಸದು ಎಂದು ಹೇಳುವ ಪ್ರಾಮಾಣಿಕತೆ ಇದ್ದರೆ ಸಾಕು.

ಎರಡನೆಯ ಮಾತು ಹೆಚ್ಚು ತೊಡಕಿನದು. ಸೀರೆ ಬೆಸೆಯುವುದು ಯಾವ ಮನೆತನದ ಹೆಂಗಸರನ್ನು? ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಅಣ್ಣಿಗೇರಿಯ ಹುಡುಗಿಯೊಬ್ಬಳು 1950ರಲ್ಲಿ ಶಿರಗುಪ್ಪಿಗೆ ಸೊಸೆಯಾಗಿ ಬಂದಳು. ಅವಳು ಉಟ್ಟದ್ದು ಗಂಡಿನ ಕಡೆಯವರು ತಂದ ಸೀರೆ. ಅವಳ ಮಗಳನ್ನು 1975ರಲ್ಲಿ ನವಲಗುಂದಕ್ಕೆ ಕೊಟ್ಟರು. ನವಲಗುಂದದಲ್ಲಿ ಹುಟ್ಟಿದ ಮೊಮ್ಮಗಳು ಹುಬ್ಬಳ್ಳಿಗೆ ಹೋದಳು. ಸೀರೆ ಅಜ್ಜಿಯಿಂದ ಮೊಮ್ಮಗಳಿಗೆ ಬಂತು ಎಂದಿಟ್ಟುಕೊಂಡರೆ ಅದು ಮೂರು ಊರು, ಮೂರು ಮನೆ, ಮೂರು ಅಡ್ಡಹೆಸರು ದಾಟಿತು. ನಮ್ಮ ರೂಢಿಯಲ್ಲಿ ಮನೆತನ ಎಂದರೆ ಗಂಡಿನ ಸಾಲು. ಹೆಣ್ಣು ಆ ಸಾಲಿಗೆ ಬಂದು ಸೇರುವವಳು, ಅಥವಾ ಅದರಿಂದ ಹೊರಡುವವಳು. ತಾಯಿ ಮಗಳ ಸಾಲಿಗೆ ಮನೆ ಇಲ್ಲ, ಹೆಸರಿಲ್ಲ, ಹೊಲದ ಉತಾರದಲ್ಲಿ ಜಾಗವಿಲ್ಲ. ಮನೆತನದ ಸೀರೆ ಎನ್ನುವವರು ಈ ಎರಡು ಸಾಲುಗಳನ್ನು ಒಂದೇ ಎಂಬಂತೆ ಮಾತಾಡುತ್ತಾರೆ. ಅತ್ತೆಯಿಂದ ಸೊಸೆಗೆ ದಾಟಿದರೆ ಸೀರೆ ಮನೆತನದಲ್ಲಿ ಉಳಿಯುತ್ತದೆ, ಆದರೆ ಆಗ ಅದು ಹೆತ್ತ ಮಗಳನ್ನು ಬಿಟ್ಟು ಹೋಗುತ್ತದೆ. ತಾಯಿಯಿಂದ ಮಗಳಿಗೆ ದಾಟಿದರೆ ಕರುಳಿನ ಸಾಲಿನಲ್ಲಿ ಉಳಿಯುತ್ತದೆ, ಆಗ ಮನೆತನ ಬಿಟ್ಟುಹೋಗುತ್ತದೆ.

ಇನ್ನೊಂದು ಸಂಗತಿಯನ್ನು ಯಾರೂ ಎತ್ತುವುದಿಲ್ಲ. ಆ ಶಿರಗುಪ್ಪಿಯ ಅಜ್ಜಿಗೆ ಮೂವರು ಹೆಣ್ಣುಮಕ್ಕಳಿದ್ದರೆ? ಇಡಿಯಾಗಿ ಉಳಿಸಬೇಕಾದ ಸೀರೆ ಒಬ್ಬಳಿಗೇ ಹೋಗಬೇಕು. ಹಿರಿಯಳಿಗೋ, ಮುದ್ದಿನವಳಿಗೋ, ಹತ್ತಿರದ ಊರಿನಲ್ಲಿರುವವಳಿಗೋ? ಒಂದು ಸಾಲನ್ನು ಬೆಸೆದ ಸೀರೆ ಎರಡು ಸಾಲುಗಳನ್ನು ಅಲ್ಲಿಗೇ ಕಡಿಯುತ್ತದೆ. ಅದೇ ಸೀರೆ ಜೀರ್ಣವಾಗಿ ಕೌದಿಗಳಿಗೆ ಹೋಗಿದ್ದರೆ ಮೂವರ ಬಾಣಂತನಕ್ಕೂ ಅದರ ತುಂಡು ಸಿಗುತ್ತಿತ್ತು. ಹಂಚಿಹೋಗುವ ಗುಣ ಬಟ್ಟೆಯಲ್ಲಿ ಮೊದಲಿನಿಂದ ಇದೆ; ಅದನ್ನು ಪೆಟ್ಟಿಗೆಯ ವಸ್ತುವಾಗಿ ಮಾಡಿದ ಕೂಡಲೇ ಆ ಗುಣ ಹೋಗುತ್ತದೆ.

ಈ ಸೀಮೆಯನ್ನು ಬಲ್ಲವರು ಇಲ್ಲಿ ಒಂದು ಒಳ್ಳೆಯ ಆಕ್ಷೇಪ ಎತ್ತಬಹುದು. ನಮ್ಮಲ್ಲಿ ಸೋದರಿಕೆಯ ಮದುವೆ ಇದೆಯಲ್ಲ! ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುತ್ತಾರೆ, ಅಣ್ಣನ ಮಗನಿಗೆ ತಂಗಿಯ ಮಗಳನ್ನು ತರುತ್ತಾರೆ. ನವಲಗುಂದದ ಮೊಮ್ಮಗಳು ಸೋದರಮಾವನ ಹೆಂಡತಿಯಾಗಿ ಶಿರಗುಪ್ಪಿಗೇ ಬಂದರೆ ಅಜ್ಜಿಯ ಸೀರೆ ಅಜ್ಜಿಯ ಮನೆಯಲ್ಲೇ ಮೊಮ್ಮಗಳ ಮೈಮೇಲೆ ಬರುತ್ತದೆ. ಮನೆತನ, ಕರುಳು ಎರಡೂ ಕೂಡುತ್ತವೆ. ಈ ಆಕ್ಷೇಪಕ್ಕೆ ನಾನು ಬೆಲೆ ಕೊಡುತ್ತೇನೆ, ಏಕೆಂದರೆ ಇದು ನಮ್ಮದೇ ನೆಲದ್ದು. ಆದರೆ ಅಲ್ಲಿ ಹೆಂಗಸರನ್ನು ಕೂಡಿಸಿದ್ದು ಸೀರೆಯಲ್ಲ, ಮದುವೆಯ ನಿಯಮ. ಆ ನಿಯಮಕ್ಕೆ ಹಿರಿಯರು ಕೊಡುತ್ತಿದ್ದ ಕಾರಣಗಳಲ್ಲಿ ಎದ್ದು ಕಾಣುವುದು ಯಾವುದು? ಬಂಗಾರ ಬೆಳ್ಳಿ, ಹೊಲ ಮನೆ ಹೊರಗೆ ಹೋಗಬಾರದು ಎಂಬುದು. ಸೀರೆಯ ಜಾಡು ಹಿಡಿದು ಹೊರಟವರು ಹೊಲದ ಬದುವಿಗೆ ಬಂದು ನಿಲ್ಲುತ್ತೇವೆ. ಅಲ್ಲಿಗೆ ಹೋಗುವ ಮೊದಲು ಮೂರನೆಯ ಮಾತನ್ನು ಮುಗಿಸಬೇಕು.

ನಂಟು ಇರುವುದು ಬಟ್ಟೆಯಲ್ಲಿ ಎಂಬುದು ಆ ಮಾತು. ಕಸೂತಿಯನ್ನೇ ಹತ್ತಿರದಿಂದ ನೋಡೋಣ. ಗವಂತಿ ಹೊಲಿಗೆಯಲ್ಲಿ ಸೂಜಿ ನೆಯ್ಗೆಯ ಎಳೆಗಳನ್ನು ಎಣಿಸಿಕೊಂಡು ಒಂದು ತುಂಬು, ಒಂದು ಖಾಲಿ ಬಿಡುತ್ತ ಮುಂದೆ ಹೋಗುತ್ತದೆ. ಸಾಲಿನ ತುದಿ ಮುಟ್ಟಿ ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಖಾಲಿಗಳನ್ನೆಲ್ಲ ತುಂಬುತ್ತದೆ. ಗಂಟು ಹಾಕುವಂತಿಲ್ಲ, ಗುರುತು ಬರೆದುಕೊಳ್ಳುವಂತಿಲ್ಲ. ಮುಗಿದಾಗ ಸೀರೆಯ ಒಳಮೈ ಹೊರಮೈ ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿ ಎಣಿಸಿದರೆ ತಿರುಗಿ ಬರುವ ದಾರಿ ಕೂಡುವುದೇ ಇಲ್ಲ, ಬಿಚ್ಚಬೇಕು. ಮುರ್ಗಿ, ನೇಯ್ಗಿ, ಮೆಂತೆ ಹೊಲಿಗೆಗಳಿಗೂ ಈ ಎಣಿಕೆಯೇ ಜೀವ. ಹೀಗಿರುವಾಗ ಹಳೆಯ ಚಂದ್ರಕಾಳಿಯ ಸೆರಗು ಒಬ್ಬ ಹುಡುಗಿಗೆ ಉಪಯೋಗಕ್ಕೆ ಬರುತ್ತಿದ್ದದ್ದು ಹೇಗೆ? ಅದನ್ನು ತೊಡೆಯ ಮೇಲೆ ಹರಡಿಕೊಂಡು, ಎಳೆ ಎಣಿಸಿ, ತನ್ನ ಹೊಸ ಸೀರೆಯ ಮೇಲೆ ಅದೇ ತೇರನ್ನು ಎಬ್ಬಿಸುವುದಕ್ಕೆ. ತಾಯಿ ಪಕ್ಕದಲ್ಲಿ ಕೂತು ಎಲ್ಲಿ ತಿರುಗಬೇಕು ಎಂದು ಹೇಳುತ್ತಿದ್ದಳು. ಆಮೇಲೆ ಹಳೆಯ ಸೀರೆ ಹರಿದು ಹೋದರೂ ತೇರು ಹೋಗಲಿಲ್ಲ. ಈಗ ಇದರ ಎದುರು ಇನ್ನೊಂದು ಸ್ಥಿತಿಯನ್ನು ಇಡಿ: ಸೀರೆ ಪೆಟ್ಟಿಗೆಯಲ್ಲಿ ಭದ್ರವಾಗಿದೆ, ಮನೆಯಲ್ಲಿ ಒಬ್ಬಳಿಗೂ ಗವಂತಿ ಬಾರದು. ಮೂರನೆಯ ಮಾತನ್ನು ಒಪ್ಪುವವರು ಈ ಎರಡನೆಯ ಮನೆಯಲ್ಲೇ ನಂಟು ಉಳಿದಿದೆ ಎನ್ನಬೇಕಾಗುತ್ತದೆ. ಅದು ಎಷ್ಟು ವಿಚಿತ್ರವಾದ ತೀರ್ಮಾನ ಎಂಬುದು ಹೇಳುವಾಗಲೇ ಗೊತ್ತಾಗುತ್ತದೆ.

ಬಟ್ಟೆಯನ್ನೇ ಸಾಕ್ಷಿಯಾಗಿ ಹಿಡಿಯುವುದಾದರೆ ಅದರಲ್ಲಿರುವ ಎಲ್ಲ ಹೆಂಗಸರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಟೋಪ ತೆನಿ ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಸೆರಗು ನೇಯಲು ಬರುತ್ತದೆ. ಮಗ್ಗಕ್ಕೆ ಮುಂಚಿನ ಇಂಥ ಸಿದ್ಧತೆಯ ಕೆಲಸ ಬಹುಪಾಲು ನೇಕಾರ ಮನೆಯ ಹೆಂಗಸರದು. ಶಿರಗುಪ್ಪಿಯ ಅಜ್ಜಿಯ ಸೀರೆಗೆ ಅವಳಿಗಿಂತ ಮೊದಲು ಕೈ ಹಚ್ಚಿದವಳು ಇಳಕಲ್ಲಿನಲ್ಲೋ ಗುಳೇದಗುಡ್ಡದ ಕಡೆಯಲ್ಲೋ ಇದ್ದ, ಹೆಸರು ಗೊತ್ತಿಲ್ಲದ ಒಬ್ಬಾಕೆ. ಅವಳಿಗೆ ಆ ಸೀರೆ ಪರಂಪರೆಯಲ್ಲ, ಅವತ್ತಿನ ಕೂಲಿ. ಮುಂದೆ ಕೌದಿಯಾಗುವಾಗ ಹೊಲಿದವಳು ಊರೂರು ತಿರುಗುವ ಮತ್ತೊಬ್ಬಳಿರಬಹುದು. ತಲೆಮಾರಿನ ಹೆಂಗಸರ ನಂಟು ಎಂದು ಮಾತಾಡುವಾಗ ಈ ಇಬ್ಬರನ್ನು ಹೊರಗಿಡಲು ರಕ್ತಸಂಬಂಧದ ಹೊರತು ಬೇರೆ ಕಾರಣ ಕಾಣದು. ಬಟ್ಟೆಗೆ ರಕ್ತಸಂಬಂಧ ಗೊತ್ತಿಲ್ಲ.

ವಸ್ತು ನೆನಪನ್ನು ಹಿಡಿದಿಡುತ್ತದೆ, ಅಜ್ಜಿಯ ಸೀರೆ ಮುಟ್ಟಿದಾಗ ಅಜ್ಜಿ ಹತ್ತಿರ ಬಂದಂತಾಗುತ್ತದೆ, ಇದನ್ನು ಅಲ್ಲಗಳೆಯುವೆಯಾ ಎಂದು ಕೇಳಿದರೆ ಖಂಡಿತ ಇಲ್ಲ. ಅಜ್ಜಿಯನ್ನು ಕಂಡವಳಿಗೆ ಅದು ನಿಜ. ಅಜ್ಜಿಯನ್ನು ಕಾಣದ ಮರಿಮಗಳಿಗೆ ಆ ನೆನಪನ್ನು ಯಾರಾದರೂ ಹೇಳಬೇಕು; ಹೇಳಿದಷ್ಟೇ ಸೀರೆಯಲ್ಲಿ ಇರುತ್ತದೆ. ಹೇಳುವಾಗ ಏನನ್ನು ಹೇಳುತ್ತೇವೆ ಎಂಬುದು ಮುಖ್ಯ. ಅಜ್ಜಿಗೆ ಆಗ ಎಷ್ಟು ವಯಸ್ಸು, ಮದುವೆಗೆ ಅವಳನ್ನು ಯಾರಾದರೂ ಕೇಳಿದ್ದರೇ, ಶಾಲೆ ಬಿಡಿಸಿದ್ದರೇ, ಎಷ್ಟು ಬಾರಿ ಹೆತ್ತಳು, ಎಷ್ಟು ಕೂಸು ಉಳಿದವು, ಇವುಗಳಲ್ಲಿ ಒಂದೂ ಇಲ್ಲದೆ ಸೀರೆಯ ಬಣ್ಣ, ದಡಿ, ಜರಿಯ ವರ್ಣನೆಯಷ್ಟೇ ಮುಂದಿನವಳಿಗೆ ಹೋದರೆ ದಾಟಿದ್ದು ಅಜ್ಜಿಯ ಮದುವೆಯ ಒಂದು ದಿನ, ಅವಳ ಬಾಳಲ್ಲ.

ಈಗ ಹೊಲದ ಮಾತು. ಈ ಭಾಗದ ರೂಢಿಯಲ್ಲಿ ಹೆಣ್ಣುಮಕ್ಕಳಿಗೂ ಬಟ್ಟೆಗೂ ಇರುವ ನಿಜವಾದ ನಂಟು ಎತ್ತಿಟ್ಟ ಒಂದು ಸೀರೆಯಲ್ಲಿ ಇಲ್ಲ. ತವರಿನಿಂದ ಅವಳು ಇರುವ ತನಕ ಬರುವ ಹೊಸ ಸೀರೆಗಳಲ್ಲಿ ಇದೆ. ಪಂಚಮಿಗೆ ಕರೆದು ಉಂಡಿ ತಿನ್ನಿಸಿ ಸೀರೆ ಕೊಡುತ್ತಾರೆ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಕುಬಸ ಮಾಡುತ್ತಾರೆ. ತವರು ಬಿಟ್ಟು ಹೊರಡುವಾಗಲೆಲ್ಲ ಖಣ ಇಟ್ಟು ಉಡಿ ತುಂಬುತ್ತಾರೆ. ಅವಳು ತೀರಿಕೊಂಡಾಗಲೂ ತವರಿನವರು ತಂದ ಸೀರೆ ಹೊದಿಸುತ್ತಾರೆ. ಇದರಲ್ಲಿ ಯಾವ ಸೀರೆಯೂ ಉಳಿಸಿಡುವುದಕ್ಕಲ್ಲ, ಕೊನೆಯದಂತೂ ಅವಳ ಜೊತೆಗೇ ಹೋಗುತ್ತದೆ. ಇದನ್ನು ಕೊಡುವವರು ಯಾರು? ಅಣ್ಣ ತಮ್ಮಂದಿರು. ಯಾವುದರ ಹುಟ್ಟುವಳಿಯಿಂದ? ಅಪ್ಪನ ಹೊಲದ ಹುಟ್ಟುವಳಿಯಿಂದ. ಆ ಹೊಲ ಯಾರ ಹೆಸರಿಗೆ? ಅಣ್ಣ ತಮ್ಮಂದಿರ ಹೆಸರಿಗೆ. ಸೀರೆಯ ಸಾಲನ್ನು ಹೊಗಳುವವರು ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳದಿದ್ದರೆ ಅವರ ಹೊಗಳಿಕೆ ಅರ್ಧ ಲೆಕ್ಕ.

ಕಾನೂನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬದಲಾಗಿದೆ. 1950ರ ಆ ಸೊಸೆ ಬಂದಾಗ ಹುಬ್ಬಳ್ಳಿ ಮುಂಬಯಿ ರಾಜ್ಯದಲ್ಲಿತ್ತು. ಅಪ್ಪನ ಪಿತ್ರಾರ್ಜಿತದಲ್ಲಿ ಅವಳು ಅಣ್ಣನ ಸಮಕ್ಕೆ ನಿಲ್ಲುವವಳಾಗಿರಲಿಲ್ಲ. ಗಂಡ ತೀರಿದರೆ 1937ರ ಕಾಯ್ದೆಯಂತೆ ಅವಳಿಗೆ ದೊರೆಯುತ್ತಿದ್ದದ್ದು ಅವಳ ಜೀವಮಾನಕ್ಕೆ ಸೀಮಿತವಾದ ಹಕ್ಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣಿನ ಕೈಗೆ ಬಂದ ಆಸ್ತಿಯನ್ನು ಪೂರ್ತಿ ಅವಳದೇ ಮಾಡಿತು, ಆದರೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಬಿಟ್ಟಿತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಮಗಳಿಗೂ ಆ ಹಕ್ಕು ಕೊಟ್ಟಿತು. ಅದಕ್ಕೂ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. ನಮ್ಮ ಕಲ್ಪನೆಯ ನವಲಗುಂದದ ತಾಯಿಗೆ 1975ರಲ್ಲಿ ಉಟ್ಟ ಸೀರೆಯೇ ಅಡ್ಡಬಂದಂತಾಯಿತು! 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, 2005ರ ಆ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಮುಗಿದ ವಾಟ್ನಿಗಳು, ಅಂದರೆ ಆಸ್ತಿಯ ಪಾಲುಗಳು, ಹಾಗೇ ನಿಲ್ಲುತ್ತವೆ. ಉಳಿದೆಡೆ ಮಗಳು ಮಗನಷ್ಟೇ ಪಾಲುದಾರಳು.

ಕಾನೂನು ಇಷ್ಟು ಬದಲಾದರೂ ರೂಢಿ ತನ್ನ ಉಪಾಯ ಕಂಡುಕೊಂಡಿದೆ. ಅದರ ಹೆಸರು ಹಕ್ಕು ಬಿಡುಗಡೆ ಪತ್ರ. ಅಕ್ಕ ತಂಗಿಯರು ನೋಂದಣಿ ಕಚೇರಿಗೆ ಬಂದು ಸಹಿ ಮಾಡುತ್ತಾರೆ. ಹಟ ಹಿಡಿದು ಮಾಡಿಸಿಕೊಳ್ಳುವವರು ಕಡಿಮೆ. ಹೆಚ್ಚಿನವರು ತಾವಾಗಿಯೇ ಮಾಡುತ್ತಾರೆ, ಪಾಲು ಕೇಳಿದರೆ ತವರು ತಪ್ಪೀತು, ಪಂಚಮಿಗೆ ಕರೆಯುವವರು ಇಲ್ಲದಂತಾದೀತು ಎಂಬ ಅಂಜಿಕೆಯಿಂದ. ಅರ್ಥಶಾಸ್ತ್ರಜ್ಞೆ ಬಿನಾ ಅಗರ್ವಾಲ್ 1994ರ ತಮ್ಮ ಗ್ರಂಥದಲ್ಲಿ ದ‌ಕ್ಷಿಣ ಏಷ್ಯಾದ ಉದ್ದಗಲಕ್ಕೂ ಇದನ್ನು ತೋರಿಸಿದ್ದಾರೆ: ಸಹೋದರರ ಆಸರೆ ಕೈತಪ್ಪದಿರಲಿ ಎಂದು ಹೆಣ್ಣುಮಕ್ಕಳು ಭೂಮಿಯ ಹಕ್ಕನ್ನು ಬಿಟ್ಟುಕೊಡುತ್ತಾರೆ. ನನ್ನ ವಾದದ ತಿರುಳು ಇಲ್ಲಿದೆ. ತಲೆಮಾರಿನ ಸೀರೆಯ ಬಗೆಗಿನ ಭಾವುಕತೆ ಕೇವಲ ಇತಿಹಾಸದ ತಪ್ಪಾಗಿದ್ದರೆ ಅದನ್ನು ಸುಮ್ಮನೆ ಬಿಡಬಹುದಿತ್ತು. ಅದು ಹೆಣ್ಣುಮಕ್ಕಳ ಪರಂಪರೆ ಬಟ್ಟೆಯದು, ಗಂಡುಮಕ್ಕಳ ಪರಂಪರೆ ಭೂಮಿಯದು ಎಂಬ ಹಂಚಿಕೆಯನ್ನು ಚಂದ ಕಾಣಿಸುತ್ತದೆ. ತಾಯಿ ಮಗಳಿಗೆ ಕೊಡಬಹುದಾದದ್ದು ಸೀರೆ ಎಂದು ಹಾಡಿ ಹೊಗಳುತ್ತ ಹೋದರೆ, ಅವಳಿಗೆ ಕೊಡಲು ಬೇರೇನೂ ಇರಲಿಲ್ಲ ಯಾಕೆ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಅಣ್ಣ ತಮ್ಮಂದಿರದು: ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ, ಅದೇ ಅವಳ ಪಾಲು. ಮದುವೆಯ ಖರ್ಚು ಒಂದು ದಿನದಲ್ಲಿ ಹಂದರದ ಜೊತೆ ಮುಗಿಯುವಂಥದು; ಹೊಲ ಪ್ರತಿ ವರ್ಷ ಬೆಳೆಯುವಂಥದು, ಸಾಲಕ್ಕೆ ಆಧಾರವಾಗುವಂಥದು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬಂಗಾರ ಅವಳದೇ ಎಂದು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ. ಆದರೆ ಅದು ಇರುವುದು ಗಂಡನ ಮನೆಯ ಟಿಜೋರಿಯಲ್ಲಿ. ಜೊತೆಗೆ, ಮಗನ ಮದುವೆಗೂ ಖರ್ಚಾಗುತ್ತದೆ. ಅದನ್ನು ಅವನ ಪಾಲಿನಿಂದ ಕಳೆದ ಮನೆ ಕಾಣಸಿಗುವುದು ಕಷ್ಟ.

ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು, ಹಲವು ಹೆಣ್ಣುಮಕ್ಕಳೇ ಎತ್ತುವಂಥದು: ಪ್ರೀತಿಯ ಜೊತೆ ಆಸ್ತಿಯನ್ನು ಯಾಕೆ ಬೆರೆಸುತ್ತೀರಿ, ಅಜ್ಜಿಯ ಸೀರೆಯೊಳಗೆ ಉತಾರ ಯಾಕೆ ತರುತ್ತೀರಿ? ಆದರೆ ಬೆರೆಸಿದವರು ಯಾರು ಎಂದು ನೋಡಬೇಕು. ಪಾಲು ಕೇಳಿದರೂ ಪಂಚಮಿಯ ಕರೆ ನಿಲ್ಲದ ಮನೆಯಲ್ಲಿ ಪ್ರೀತಿ ಬೇರೆ, ಆಸ್ತಿ ಬೇರೆ. ಪಾಲು ಕೇಳಿದ ವರ್ಷವೇ ಕರೆ ನಿಲ್ಲುವ ಮನೆಯಲ್ಲಿ ಅಲ್ಲಿಯ ತನಕ ಬಂದ ಸೀರೆಗಳಿಗೆ ಒಂದು ಷರತ್ತಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಸಹಿ ಮಾಡಿ ಬಂದವಳ ಅಂಜಿಕೆಯೇ ಆ ಷರತ್ತಿಗೆ ಸಾಕ್ಷಿ. ಹಾಗೆಂದು ಪ್ರತಿಯೊಬ್ಬಳೂ ಪಾಲು ತೆಗೆದುಕೊಳ್ಳಲೇಬೇಕೆಂದು ನಾನು ಹೇಳುತ್ತಿಲ್ಲ. ಎರಡು ಎಕರೆಯಲ್ಲಿ ನಾಲ್ವರು ಬದುಕುತ್ತಿರುವ ತಮ್ಮನಿಗೆ ಅಕ್ಕ ತಿಳಿದು, ಮನಸಾರೆ ಬಿಟ್ಟುಕೊಟ್ಟರೆ ಅದು ದೊಡ್ಡ ಕೊಡುಗೆ; ಆದರೆ ಕೊಡುಗೆ ಆಗಬೇಕಾದರೆ ಅದು ತನ್ನದೆಂದು ಅವಳಿಗೂ ತಮ್ಮನಿಗೂ ಮೊದಲು ಗೊತ್ತಿರಬೇಕು. ಆಗ ಪಂಚಮಿಗೆ ಕೊಟ್ಟವಳು ಅಕ್ಕ ಎಂದಾಗುತ್ತದೆ, ಪಡೆದವಳು ಎಂದಲ್ಲ.

ಅಜ್ಜಿಯ ಸೀರೆ ಮನೆಯಲ್ಲಿದ್ದು, ಮೊಮ್ಮಗಳಿಗೆ ಅದನ್ನು ಉಡುವ ಮನಸ್ಸಿದ್ದರೆ ಉಡಲಿ. ಅಜ್ಜಿಯ ಕಾಲದ ಎಂಟು ಗಜದ ಸೀರೆಯಲ್ಲಿ ಈಗಿನ ಆರು ಗಜಕ್ಕೆ ಉಳಿಯುವ ಬಟ್ಟೆಯಿಂದ ಅತ್ತೆಯ ಮಗಳಿಗೊಂದು, ಚಿಕ್ಕಮ್ಮನ ಮಗಳಿಗೊಂದು ತುಂಡು ಸಿಗುವಂತೆ ಹಂಚಿದರೆ ಇನ್ನೂ ಒಳ್ಳೆಯದು. ಆದರೆ ಅದೇ ವಾರ ನವಲಗುಂದದ ಆ ತಾಯಿಯ ಮುಂದೆ ಶಿರಗುಪ್ಪಿಯ ಹೊಲದ ಕಾಗದ ಬಂದರೆ, ಸಹಿ ಮಾಡುವ ಮೊದಲು ಅದನ್ನು ಅವಳು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಬೇಕು ಅಥವಾ ಓದಿಸಿಕೊಳ್ಳಬೇಕು. ಸರ್ವೆ ನಂಬರು ಯಾವುದು, ಎಷ್ಟು ಎಕರೆ, ಎಷ್ಟು ಗುಂಟೆ, ತನ್ನ ಪಾಲು ಎಷ್ಟು ಎಂದು ಕೇಳಬೇಕು. ಓದಿ ಹೇಳುವವಳು ಮದುಮಗಳೇ ಆದರೆ ಒಳ್ಳೆಯದು. 2005ರ ಕಾಯ್ದೆ ಅವಳ ಪಠ್ಯದಲ್ಲಿ ಇದ್ದಿರಲಿಕ್ಕಿಲ್ಲ, ಆದರೆ ಅವಳಿಗೆ ಓದಲು ಬರುತ್ತದೆ, ತಾಯಿಗಿಂತ ಹೆಚ್ಚು ವರ್ಷ ಅವಳು ಶಾಲೆಗೆ ಹೋಗಿದ್ದಾಳೆ.